ಕೃಷಿ ರಫ್ತಿನ ಬೆಲೆ ಊಹಿಸಲು ಯಾವ ಮಾಡೆಲ್ ಒಳ್ಳೆಯದು?

ನಿಮ್ಮ ಪ್ರಶ್ನೆ ಇದು: ಅಭಿವೃದ್ಧಿ ಹೊಂದುತ್ತಿರುವ ದೇಶಗಳಿಂದ ಹೊರಗೆ ಹೋಗುವ ಗೋಧಿ, ಅಕ್ಕಿ, ತಾಳೆ ಎಣ್ಣೆಯಂಥ ಸರಕಿನ ಬೆಲೆ ಊಹಿಸಲು ಹಳೆಯ ಬೆಲೆಗಳ ಏರಿಳಿತ ನೋಡಿ ಮುಂದಿನದನ್ನು ಲೆಕ್ಕ ಹಾಕುವ ಅರಿಮಾ (ARIMA) ಮಾಡೆಲ್ ಸಾಕಾ, ಇಲ್ಲ ಡೇಟಾದಿಂದ ತಾನೇ ಕಲಿಯುವ ನ್ಯೂರಲ್ ನೆಟ್‌ವರ್ಕ್ ಬೇಕಾ?

ಯಾವುದಾದರೂ ನಡೆಯುತ್ತದೆ. ನಾನು ರಫ್ತುದಾರರಿಗೆ ಇದೇ ಲೆಕ್ಕ ಮಾಡಿಕೊಡುವವನು. ಮಾಡೆಲ್ ಬದಲಾಯಿಸಿ ಉಳಿಸಿದ ದುಡ್ಡು ಅಷ್ಟಕ್ಕಷ್ಟೆ. ದೊಡ್ಡ ಹೊಡೆತ ಬೀಳುವುದು ಸರ್ಕಾರದ ಒಂದು ಪುಟದ ಅಧಿಸೂಚನೆಯಿಂದ. ಮೊದಲು ಅದನ್ನು ಊಹಿಸಲು ಕಲಿಯಿರಿ.

2022ರ ಭಾರತದ ಗೋಧಿಯನ್ನೇ ನೋಡಿ. ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಜಗತ್ತಿನ ಬೆಲೆ ಗಗನಕ್ಕೇರಿತು. ಅದೇ ತಿಂಗಳು ಬಂದ ಸರ್ಕಾರಿ ಅಂದಾಜಿನಲ್ಲಿ ಬೆಳೆ 11.13 ಕೋಟಿ ಟನ್, ಅಂದರೆ ದಾಖಲೆ. ಮೇ 12ರಂದು ವಾಣಿಜ್ಯ ಸಚಿವಾಲಯ 1 ಕೋಟಿ ಟನ್ ರಫ್ತಿನ ಗುರಿ ಹೇಳಿ, ಒಂಬತ್ತು ದೇಶಗಳಿಗೆ ನಿಯೋಗ ಕಳಿಸುತ್ತೇವೆ ಎಂದಿತು. ಮೇ 13ರಂದು ರಫ್ತು ನಿಷೇಧ! ಅಷ್ಟರೊಳಗೆ ಎಲ್‌ಸಿ, ಅಂದರೆ ಹಣ ಕೊಡುತ್ತೇವೆ ಎಂಬ ಬ್ಯಾಂಕಿನ ಖಾತರಿ ಪತ್ರ, ಪಡೆದಿದ್ದವರ ಮಾಲಿಗೆ ವಿನಾಯಿತಿ ಸಿಕ್ಕಿತು. ಉಳಿದವರು ಬಂದರಿನಲ್ಲಿ ಲಾರಿ ನಿಲ್ಲಿಸಿಕೊಂಡು ಕೂತರು.

ದಿನಾಂಕ ಊಹಿಸಲು ಯಾರಿಗೂ ಆಗುತ್ತಿರಲಿಲ್ಲ, ನಿಜ. ಆದರೆ ಸುಳಿವು ಕಣ್ಣೆದುರೇ ಇತ್ತು. 1901ರಿಂದ ದಾಖಲೆ ಇರುವ ಅಷ್ಟೂ ವರ್ಷಗಳಲ್ಲಿ ಅತಿ ಬಿಸಿಯಾದ ಮಾರ್ಚ್ ಅದು. ಕಾಳು ಕಟ್ಟುವ ಹೊತ್ತಿಗೇ ಬಿಸಿಲು ಬಡಿಯಿತು. ಬೆಂಬಲ ಬೆಲೆ ಕ್ವಿಂಟಲ್‌ಗೆ 2,015 ರೂಪಾಯಿ. ಖಾಸಗಿ ವ್ಯಾಪಾರಿ ಅದಕ್ಕಿಂತ ಜಾಸ್ತಿ ಕೊಡುತ್ತಿದ್ದಾಗ ರೈತ ಸರ್ಕಾರಕ್ಕೆ ಯಾಕೆ ಮಾರುತ್ತಾನೆ ಹೇಳಿ? ಹಿಂದಿನ ವರ್ಷ 4.33 ಕೋಟಿ ಟನ್ ಇದ್ದ ಸರ್ಕಾರಿ ಖರೀದಿ ಆ ಸಲ 1.88 ಕೋಟಿ ಟನ್‌ಗೆ ಕುಸಿಯಿತು. ಪಡಿತರದ ಗೋದಾಮು ತುಂಬುತ್ತಿಲ್ಲ, ಬಂದರಿನಲ್ಲಿ ಮಾತ್ರ ಹಡಗು ತುಂಬುತ್ತಿದೆ ಅಂದರೆ ಯಾವ ಸರ್ಕಾರವೂ ಕೈಕಟ್ಟಿ ಕೂರಲ್ಲ. ಏಪ್ರಿಲ್ ಪೂರ್ತಿ ಖರೀದಿಯ ಅಂಕಿ ಹೊರಬರುತ್ತಲೇ ಇತ್ತು. ಹಳೆಯ ಬೆಲೆಗಳನ್ನಷ್ಟೇ ನುಂಗುವ ಮಾಡೆಲ್‌ಗೆ ಇದು ಎಲ್ಲಿ ಕಾಣಬೇಕು?

ನಿಷೇಧ ಎಷ್ಟು ದಿನ ಇರುತ್ತದೆ ಅನ್ನುವುದೂ ಲೆಕ್ಕಕ್ಕೆ ಸಿಗುವ ವಿಷಯ. ಇಂಡೋನೇಷ್ಯಾ 2022ರ ಏಪ್ರಿಲ್ 28ರಂದು ತಾಳೆ ಎಣ್ಣೆ ರಫ್ತು ನಿಲ್ಲಿಸಿತು, ಮೇ 23ಕ್ಕೆ ಮತ್ತೆ ಬಿಟ್ಟಿತು. ತಾಳೆ ಹಣ್ಣು ವರ್ಷವಿಡೀ ಬರುತ್ತದೆ, ಕೊಯ್ದ ಮೇಲೆ ಬೇಗ ಅರೆಯಲೇಬೇಕು. ಎಣ್ಣೆ ಹಿಡಿಯುವ ಟ್ಯಾಂಕ್ ತುಂಬಿತು, ಗೊನೆಯ ಬೆಲೆ ಬಿತ್ತು, ರೈತರು ಬೀದಿಗಿಳಿದರು. ಗೋಧಿಯನ್ನಾದರೆ ಗೋದಾಮಿನಲ್ಲಿ ಇಡಬಹುದು, ಹಾಗಾಗಿ ಆ ನಿಷೇಧ ವರ್ಷಗಟ್ಟಲೆ ಎಳೆಯಿತು.

ಕೋಕೋ ಬೇರೆಯದೇ ಕಥೆ. 2024ರಲ್ಲಿ ಅದರ ಬೆಲೆ ಟನ್‌ಗೆ 10,000 ಡಾಲರ್ ದಾಟಿತು. ಆದರೆ ಐವರಿ ಕೋಸ್ಟ್, ಘಾನಾಗಳಲ್ಲಿ ರೈತನ ಬೆಲೆ ನಿಗದಿ ಮಾಡುವುದು ಸರ್ಕಾರ. ಮಾಲನ್ನೂ ಬಹುಪಾಲು ಮುಂಗಡವಾಗಿ ಮಾರಿರುತ್ತಾರೆ. ಹೀಗಾಗಿ ಏರಿಕೆ ತೋಟಕ್ಕೆ ತಲುಪುವುದು ತಡ, ಹೊಸ ಗಿಡ ಫಲ ಕೊಡುವುದು ಇನ್ನೂ ತಡ. ಬೆಲೆ ಏರಿದರೆ ಪೂರೈಕೆ ಏರುತ್ತದೆ ಎಂಬ ಪಾಠ ಇಲ್ಲಿ ನಿಧಾನಕ್ಕೆ ನಡೆಯುತ್ತದೆ.

ಈಗ ಡೇಟಾ. ಬಹಳ ಜನ ಎಡವುವ ಜಾಗ ಇದು. ಆ 11.13 ಕೋಟಿ ಟನ್ ಅಂದಾಜು ಮೇ ಹೊತ್ತಿಗೆ 10.64 ಕೋಟಿಗೆ ಇಳಿಯಿತು, ಆಮೇಲೂ ಬದಲಾಯಿತು. ನೀವು ಇವತ್ತು ಡೌನ್‌ಲೋಡ್ ಮಾಡುವ ಫೈಲಿನಲ್ಲಿ ಕೊನೆಯ ಅಂಕಿ ಮಾತ್ರ ಇರುತ್ತದೆ. ಅದನ್ನಿಟ್ಟು, 2022ರ ಮಾರ್ಚ್‌ನಲ್ಲಿ ಮಾಡೆಲ್ ಹೇಗೆ ಊಹಿಸುತ್ತಿತ್ತು ಅಂತ ಪರೀಕ್ಷಿಸಿದರೆ ನಿಮ್ಮ ಮಾಡೆಲ್ ಮಹಾ ಜಾಣನ ಹಾಗೆ ಕಾಣುತ್ತದೆ, ಯಾಕೆಂದರೆ ಅದಕ್ಕೆ ಉತ್ತರ ಪತ್ರಿಕೆ ಮೊದಲೇ ಸಿಕ್ಕಿದೆ. ಆಯಾ ದಿನ ಪ್ರಕಟವಾಗಿದ್ದ ಅಂಕಿಯನ್ನೇ ಹುಡುಕಿ ಹಾಕಿ. ಬೇಸರದ ಕೆಲಸ, ಆದರೆ ಬೇರೆ ದಾರಿ ಇಲ್ಲ. 'ಮುಂದಿನ ತಿಂಗಳೂ ಇದೇ ಬೆಲೆ' ಅನ್ನುವ ಸೋಮಾರಿ ಊಹೆಯನ್ನೂ ಪಕ್ಕಕ್ಕೆ ಇಟ್ಟುಕೊಳ್ಳಿ. ಅದನ್ನು ಸೋಲಿಸಲು ಎಷ್ಟು ಕಷ್ಟ ಅಂತ ಗೊತ್ತಾದಾಗ ಆಶ್ಚರ್ಯವಾಗುತ್ತದೆ.

ಉತ್ತರವನ್ನು ಒಂದೇ ಸಂಖ್ಯೆಯಲ್ಲಿ ಕೊಡಬೇಡಿ. ರಫ್ತಿನ ಬಾಗಿಲು ತೆರೆದಿದ್ದರೆ ಒಂದು ಬೆಲೆ, ಮುಚ್ಚಿದರೆ ಇನ್ನೊಂದು. ನಿಷೇಧ ಬಂದರೆ ಒಳಗಿನ ಬೆಲೆ ತಗ್ಗುತ್ತದೆ, ಹೊರಗಿನದು ಏರುತ್ತದೆ. ಎರಡರ ಸರಾಸರಿ ತೆಗೆದರೆ ಯಾವತ್ತೂ ಬರದ ಬೆಲೆ ಕೈಗೆ ಬರುತ್ತದೆ, ಅಲ್ವಾ? ಎರಡನ್ನೂ ಬೇರೆ ಬೇರೆ ಹೇಳಿ, ಬಾಗಿಲು ಮುಚ್ಚುವ ಸಾಧ್ಯತೆ ಎಷ್ಟು ಅಂತ ಪಕ್ಕದಲ್ಲಿ ಬರೆಯಿರಿ. ಆ ಸಾಧ್ಯತೆಗೆ ಒಂದು ಸರಳ ಲಾಜಿಸ್ಟಿಕ್ ರಿಗ್ರೆಷನ್ ಸಾಕು, ಅಂದರೆ ಕೆಲವು ಅಂಶಗಳಿಂದ 'ಆಗುತ್ತದೆಯೋ ಇಲ್ಲವೋ' ಎಂಬುದರ ಸಾಧ್ಯತೆ ಲೆಕ್ಕ ಹಾಕುವ ವಿಧಾನ. ಸರ್ಕಾರಿ ದಾಸ್ತಾನು, ಒಳಗಿನ ಬೆಲೆ ಏರುತ್ತಿರುವ ವೇಗ, ಹೊರಗಿನ ಬೆಲೆಗೂ ಅದಕ್ಕೂ ಇರುವ ಅಂತರ, ಚುನಾವಣೆ ಎಷ್ಟು ಹತ್ತಿರ ಇದೆ ಅನ್ನುವುದು, ಇಷ್ಟನ್ನು ಕೊಡಿ.

ಹಿಂದಿನ ನಿರ್ಬಂಧಗಳ ಪಟ್ಟಿಗೆ ಅಮಿಸ್ (AMIS) ಎಂಬ ಕೃಷಿ ಮಾರುಕಟ್ಟೆ ಮಾಹಿತಿ ವ್ಯವಸ್ಥೆ ನೋಡಿ, ಜಿ20 ದೇಶಗಳು 2011ರಲ್ಲಿ ಶುರು ಮಾಡಿದ್ದು. ಗೋಧಿ, ಮೆಕ್ಕೆಜೋಳ, ಅಕ್ಕಿ, ಸೋಯಾ ಅದರಲ್ಲಿವೆ. ತಾಳೆ ಎಣ್ಣೆ, ಈರುಳ್ಳಿ ಬೇಕಿದ್ದರೆ ಆಯಾ ದೇಶದ ಅಧಿಸೂಚನೆಗಳನ್ನು ಕೂತು ಓದಿ ಪಟ್ಟಿ ನೀವೇ ಮಾಡಿಕೊಳ್ಳಬೇಕು.