ಮನೇಲೂ ಸಾಕ್ಸ್ ಬಿಚ್ಚದ ಯಜಮಾನ್ರು: ಒಂದು ಆಪ್ತಸಲಹೆ ಪ್ರಕರಣ

ನಾನು ಕೌನ್ಸೆಲರ್. ಕಾಲಿನ ಮಚ್ಚೆ ಕ್ಯಾನ್ಸರ್ ಇರಬಹುದು ಅಂತ ಹೆದರಿ ಡಾಕ್ಟರ್‌ಗೇ ತೋರಿಸದೆ ಕೂತಿದ್ದವ್ರೊಬ್ಬರ ಕಥೆ ಇದು. ಮೊದ್ಲೇ ಹೇಳ್ಬಿಡ್ತೀನಿ, ಹೆಸರು, ಏರಿಯಾ, ಮನೆ ವಿವರ ಎಲ್ಲಾ ಬದಲಾಯಿಸಿದೀನಿ, ಅವ್ರ ಒಪ್ಪಿಗೆ ತಗೊಂಡೇ ಬರೀತಿರೋದು. ಇವ್ರನ್ನ ರಾಜಣ್ಣ ಅನ್ನೋಣ. ಐವತ್ತೈದರ ಆಸುಪಾಸು, ಬಸವನಗುಡಿ ಕಡೆಯವ್ರು, ಇನ್ಶೂರೆನ್ಸ್ ಏಜೆಂಟ್, ಬೆಳಗ್ಗೆ ಎದ್ರೆ ಸ್ಕೂಟರಲ್ಲಿ ಊರೆಲ್ಲಾ ಸುತ್ತೋ ಕೆಲಸ. ಕರ್ಕೊಂಡು ಬಂದಿದ್ದು ಹೆಂಡ್ತಿ, ಸುಮಕ್ಕ ಅನ್ನೋಣ. ಬಂದಿದ್ದು ಮಚ್ಚೆ ವಿಷಯಕ್ಕಲ್ಲ, "ಇವ್ರಿಗೆ ನಿದ್ದೆ ಇಲ್ಲ ಮೇಡಂ, ಮಾತೆತ್ತಿದ್ರೆ ಸಿಡುಕ್ತಾರೆ, ಮಗಳ ಮದುವೆ ಇಟ್ಕೊಂಡು ಹಿಂಗಾದ್ರೆ ಹೆಂಗೆ" ಅಂತ ಬಂದಿದ್ದು.

ರಾಜಣ್ಣನ್ನ ಕೇಳಿದ್ರೆ ಎಲ್ಲಾ ಸರಿ ಇದೆ, ಮದುವೆ ಟೆನ್ಷನ್ ಅಷ್ಟೇ, ಛತ್ರ, ಅಡುಗೆಯವ್ರು, ಸೀರೆ ಖರ್ಚು. ಅದೂ ಇತ್ತು ಅನ್ನಿ. ಆದ್ರೆ ಸುಮಕ್ಕ ಮಾತಿನ ಮಧ್ಯೆ ಎರಡು ವಿಷಯ ಹೇಳಿದ್ರು, ಹೇಳೋವಾಗ ಅವ್ರಿಗೇ ಅದು ದೊಡ್ಡದು ಅನ್ಸಿರ್ಲಿಲ್ಲ. ಒಂದು, ಪ್ರತಿ ಸೋಮವಾರ ತಪ್ಪದೆ ದೇವಸ್ಥಾನಕ್ಕೆ ಹೋಗ್ತಿದ್ದೋರು ಈಗ ಹೊರಗೇ ಸ್ಕೂಟರ್ ಮೇಲೆ ಕೂತ್ಕೊಂಡು ಕೈ ಮುಗೀತಾರೆ. ಎರಡು, ಏಪ್ರಿಲ್ ಸೆಕೆಯಲ್ಲೂ ಮನೇಲಿ ಸಾಕ್ಸ್ ಹಾಕ್ಕೊಂಡೇ ಇರ್ತಾರೆ, ಮಲಗೋವಾಗ್ಲೂ. ಎರಡಕ್ಕೂ ಚಪ್ಪಲಿ ಬಿಡೋ ಸಂಬಂಧ ಇದೆಯಲ್ಲ ಅಂತ ನನಗೆ ಅನ್ನಿಸ್ತು. ಆವತ್ತು ಜೋಡಿಯಾಗಿ ಕೂರಿಸ್ಕೊಂಡು ಕೇಳೋದು ಬೇಡ ಅಂತ ಮುಂದಿನ ಸಲ ಅವ್ರೊಬ್ಬರನ್ನೇ ಕರೆಸ್ಕೊಂಡೆ, "ಕಾಲಿಗೆ ಏನಾಗಿದೆ ಸರ್?" ಅಂತ ನೇರವಾಗಿ ಕೇಳ್ದೆ.

ತುಂಬಾ ಹೊತ್ತು ಸುಮ್ನಿದ್ರು. ಆಮೇಲೆ ಬಲಗಾಲಿನ ಸಾಕ್ಸ್ ಬಿಚ್ಚಿ ತೋರಿಸಿದ್ರು. ಹಿಮ್ಮಡಿಗಿಂತ ಸ್ವಲ್ಪ ಮುಂದೆ ಅಂಗಾಲಲ್ಲಿ ಒಂದು ಕಪ್ಪು ಮಚ್ಚೆ, ಅಂಚು ಒಂದು ಕಡೆ ಚೂಪಾಗಿ ಒಂದು ಕಡೆ ಮಸುಕಾಗಿ. ಹೋದ ದೀಪಾವಳಿಗೆ ಎಣ್ಣೆ ನೀರು ಹಾಕ್ಕೊಳೋವಾಗ ಕಣ್ಣಿಗೆ ಬಿತ್ತಂತೆ, ಆಗ ಇಷ್ಟು ದೊಡ್ಡದಿರ್ಲಿಲ್ಲವಂತೆ. ಯಾರಿಗೂ ಹೇಳಿಲ್ಲ. ಮೊಬೈಲಲ್ಲಿ ಹುಡುಕಿದಾರೆ, ರಾತ್ರಿ ಬಾತ್ರೂಮಲ್ಲಿ ಟಾರ್ಚ್ ಹಾಕ್ಕೊಂಡು ಫೋಟೋ ತೆಗ್ದಿದಾರೆ, ತೆಗ್ದು ಡಿಲೀಟ್ ಮಾಡಿದಾರೆ. ಊರಿಗೆಲ್ಲಾ ಪಾಲಿಸಿ ಮಾಡ್ಸಿ "ಆರೋಗ್ಯ ಮುಖ್ಯ ಸರ್" ಅನ್ನೋ ಮನುಷ್ಯ ತಾನು ಮಾತ್ರ ಡಾಕ್ಟರ್ ಮೆಟ್ಟಿಲು ಹತ್ತಿಲ್ಲ.

ಯಾಕೆ ಅಂದ್ರೆ ಅವ್ರ ಅಣ್ಣ. ಹೊಗೆಸೊಪ್ಪು ಹಾಕ್ತಿದ್ರಂತೆ, ಬಾಯಿ ಕ್ಯಾನ್ಸರ್, ಆಪರೇಷನ್ ಆಗಿ ಕೆಲವೇ ತಿಂಗಳಲ್ಲಿ ಹೋಗ್ಬಿಟ್ರು. ಮನೇಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಕತ್ತಿ ತಾಗಿಸಿದ್ಮೇಲೇ ಹರಡಿದ್ದು, ಮುಟ್ಟದೇ ಇದ್ದಿದ್ರೆ ಇನ್ನೂ ನಾಲ್ಕು ವರ್ಷ ಇರೋರು. ರಾಜಣ್ಣನ ಲೆಕ್ಕ ಸಿಂಪಲ್ಲು, ತೋರಿಸಿದ್ರೆ ಬಯಾಪ್ಸಿ (ಪರೀಕ್ಷೆಗೆ ಅಂತ ಚರ್ಮದ ಚೂರು ತೆಗೆಯೋದು) ಅಂತಾರೆ, ಬಯಾಪ್ಸಿ ಅಂದ್ರೆ ಕತ್ತಿ, ಕತ್ತಿ ಅಂದ್ರೆ ಮುಗೀತು. ಅದಕ್ಕೆ "ಮಗಳ ಮದುವೆ ಮುಗೀಲಿ, ಆಮೇಲೆ ನೋಡ್ಕೊಳಣ".

ಇಲ್ಲಿ ಒಂದು ಮಾತು. ಇಂಥವ್ರಿಗೆ ಮನೆಯವ್ರು, ಫ್ರೆಂಡ್ಸು, ಕೆಲವು ಸಲ ಕೌನ್ಸೆಲರ್‌ಗಳೂ ಹೇಳೋದು "ಏನೂ ಆಗಿರಲ್ಲ ಬಿಡಿ, ಧೈರ್ಯವಾಗಿರಿ" ಅಂತ. ನನಗಂತೂ ಇದು ಎಲ್ಲಕ್ಕಿಂತ ಕೆಟ್ಟ ಸಲಹೆ ಅನ್ಸುತ್ತೆ. ನಾನು ಡಾಕ್ಟರ್ ಅಲ್ಲ, ಅಂಗಾಲು ನೋಡಿ ಏನೂ ಇಲ್ಲ ಅನ್ನೋಕೆ ನಾನ್ಯಾರು? ಮೇಲಾಗಿ ಹಂಗಂದ ತಕ್ಷಣ ಅವ್ರಿಗೆ ಇನ್ನೊಂದು ತಿಂಗಳು ಮುಂದೂಡೋಕೆ ಪರ್ಮಿಷನ್ ಸಿಕ್ಕಂಗೆ. ಅದಕ್ಕೆ ನಾನು ಕ್ಯಾನ್ಸರ್ ಹೌದೋ ಅಲ್ವೋ ಅನ್ನೋ ಚರ್ಚೆಗೇ ಹೋಗ್ಲಿಲ್ಲ. "ಸರ್, ತೋರಿಸೋದು ಬೇರೆ, ಕೊಯ್ಯಿಸ್ಕೊಳೋದು ಬೇರೆ. ನೀವು ಎರಡನ್ನೂ ಒಂದೇ ಗಂಟು ಕಟ್ಟಿಟ್ಟಿದೀರಿ. ಈ ವಾರ ಬರೀ ತೋರಿಸೋದಷ್ಟೇ, ಏನೇ ಹೇಳಿದ್ರೂ ಆವತ್ತು ಹೂಂ ಅನ್ಬೇಡಿ, ಮನೆಗೆ ಬನ್ನಿ, ಯೋಚ್ನೆ ಮಾಡಿ" ಅಂದೆ. ಚರ್ಮದ ಡಾಕ್ಟರ್ ಮೊದಲು ಮಾಡೋದು ಡರ್ಮೋಸ್ಕೋಪ್ ಅನ್ನೋ ಒಂದು ಲೈಟ್ ಇರೋ ಭೂತಗನ್ನಡಿ ಇಟ್ಟು ನೋಡೋದು, ಸೂಜಿ ಇಲ್ಲ ನೋವಿಲ್ಲ, ಮಚ್ಚೆ ಒಳಗಿನ ಬಣ್ಣ ಯಾವ ಥರ ಹರಡಿದೆ ಅಂತ ಕಾಣುತ್ತೆ. ಅಂಗಾಲಿಗೆ ಇದು ತುಂಬಾ ಉಪಯೋಗ, ಯಾಕಂದ್ರೆ ಅಂಗಾಲ ಚರ್ಮದಲ್ಲಿ ಬೆರಳಚ್ಚಿನ ಥರ ಗೆರೆಗಳಿರ್ತವಲ್ಲ, ಬಣ್ಣ ಗೆರೆಗಳ ತಗ್ಗಲ್ಲಿದ್ರೆ ಸಾಮಾನ್ಯವಾಗಿ ತೊಂದ್ರೆ ಇಲ್ಲದ್ದು, ಉಬ್ಬಿನ ಮೇಲಿದ್ರೆ ಡಾಕ್ಟರ್‌ಗೆ ಅನುಮಾನ ಬರುತ್ತೆ.

ಅವ್ರ ಇನ್ನೊಂದು ವಾದ, "ಚರ್ಮದ ಕ್ಯಾನ್ಸರ್ ಬಿಳಿಯರಿಗೆ ಬರೋದಲ್ವಾ ಮೇಡಂ, ನಮ್ಮಂಥ ಕಪ್ಪಗಿರೋರಿಗೆ ಎಲ್ಲಿ?" ಅರ್ಧ ನಿಜ. ಮೆಲನೋಮಾ, ಅಂದ್ರೆ ಮಚ್ಚೆ ಥರ ಕಾಣೋ ಅಪಾಯದ ಚರ್ಮದ ಕ್ಯಾನ್ಸರ್, ನಮ್ಮಲ್ಲಿ ಅಪರೂಪವೇ. ಆದ್ರೆ ನಮ್ಮ ಬಣ್ಣದವ್ರಿಗೆ ಬಂದ್ರೆ ಹೆಚ್ಚಾಗಿ ಬರೋ ಜಾಗಗಳೇ ಅಂಗಾಲು, ಅಂಗೈ, ಉಗುರಿನ ಕೆಳಗೆ, ಬಿಸಿಲು ಬೀಳದ ಜಾಗ. ಬ್ರಿಗೇಡ್ ರೋಡಲ್ಲಿ ಹುಡುಗ್ರು ಬಾಬ್ ಮಾರ್ಲೆ ಟಿ-ಶರ್ಟ್ ಹಾಕ್ಕೊಂಡು ಓಡಾಡ್ತಾರಲ್ಲ, ಆ ಜಮೈಕಾದ ಗಾಯಕರಿಗೆ ಆಗಿದ್ದು ಇದೇ, ಕಾಲ್ಬೆರಳ ಉಗುರಿನ ಕೆಳಗೆ, 1977ರಲ್ಲಿ ಗೊತ್ತಾಯ್ತು, 1981ರಲ್ಲಿ 36 ವರ್ಷಕ್ಕೇ ಹೋದ್ರು. ಇದನ್ನ ರಾಜಣ್ಣಂಗೆ ಹೇಳ್ಲಿಲ್ಲ, ಹೆದರಿರೋರನ್ನ ಇನ್ನೂ ಹೆದರಿಸಿ ಪ್ರಯೋಜನ ಇಲ್ಲ. ಅಂಗಾಲಲ್ಲಿ ಬದಲಾಗ್ತಿರೋ ಮಚ್ಚೆನ ಬಣ್ಣದ ನೆಪ ಹೇಳಿ ಬಿಡಂಗಿಲ್ಲ ಅಂತಷ್ಟೇ ಅಂದೆ.

ಕತ್ತಿ ತಾಗಿದ್ರೆ ಹರಡುತ್ತೆ ಅನ್ನೋದು ಸುಳ್ಳು, ಅಣ್ಣಂಗೆ ಆಪರೇಷನ್ ಹೊತ್ತಿಗೇ ಕುತ್ತಿಗೆ ಗಂಟುಗಳಿಗೆ ಹೋಗಿತ್ತು ಅಂತ ಅವ್ರ ಮಾತಲ್ಲೇ ಗೊತ್ತಾಗ್ತಿತ್ತು. ಆದ್ರೂ ನಾನು ವಾದ ಮಾಡ್ಲಿಲ್ಲ, ವರ್ಷಗಟ್ಟಲೆ ಮನೆಯವ್ರೆಲ್ಲಾ ಸೇರಿ ನಂಬಿರೋದನ್ನ ನಾನು ಒಂದು ಗಂಟೇಲಿ ಕಿತ್ತಾಕೋಕೆ ಹೋದ್ರೆ ಅವ್ರು ಅಣ್ಣನ ಪರ ನಿಲ್ತಾರೆ. ಬದಲಿಗೆ ಚೀಟಿಲಿ ಪ್ರಶ್ನೆಯಾಗಿ ಬರೆಸಿದೆ, ಅವ್ರ ಕೈಯಲ್ಲೇ: ಬಯಾಪ್ಸಿ ಮಾಡಿದ್ರೆ ಹರಡುತ್ತಾ? ಬೇಕು ಅಂದ್ರೆ ಯಾಕೆ, ಬೇಡ ಅಂದ್ರೆ ಮತ್ತೆ ಯಾವಾಗ ಬಂದು ತೋರಿಸ್ಲಿ? ಮದುವೆ ಡೇಟ್ ಇಂಥದ್ದು, ಅದಕ್ಕೆ ತಕ್ಕಂಗೆ ಮಾಡಬಹುದಾ? ಈ ಕೊನೇದು ಮುಖ್ಯ. ಮದುವೆ ನೆಪ ಹೇಳಿ ಡಾಕ್ಟರ್ ಹತ್ರ ಹೋಗದೇ ಇರೋ ಬದ್ಲು ಮದುವೆ ಡೇಟ್ ಡಾಕ್ಟರ್‌ಗೇ ಹೇಳಿದ್ರೆ ಆಯ್ತಲ್ಲ. ಇನ್ನೊಂದು, ಹೆಂಡ್ತಿಗೆ ಹೇಳಿ ಅಂದೆ. "ಅವ್ಳು ಅಳ್ತಾಳೆ" ಅಂದ್ರು. ಅಳ್ಲಿ ಬಿಡಿ, ಸಾಕ್ಸ್ ನೋಡಿ ಈಗ್ಲೇ ಏನೇನೋ ಅಂದ್ಕೊಂಡಿದಾರೆ ಅಂದೆ. ನಿಜಕ್ಕೂ ಸುಮಕ್ಕ ಅಂದ್ಕೊಂಡಿದ್ದು ಶುಗರ್ ಬಂದು ಕಾಲಲ್ಲಿ ಹುಣ್ಣಾಗಿದೆ ಅಂತ, ವಿಷಯ ತಿಳಿದಾಗ ಅತ್ತಿದ್ದಕ್ಕಿಂತ ಬೈದಿದ್ದೇ ಜಾಸ್ತಿ.

ಇಬ್ಬರೂ ಹೋದ್ರು. ಹೋದ ಡಾಕ್ಟರ್ ಒಳ್ಳೇವ್ರು, ಅಂಗಾಲು ನೋಡಿ ಸುಮ್ನಾಗ್ಲಿಲ್ಲ, ಶರ್ಟು ಬನಿಯನ್ ಬಿಚ್ಚಿಸಿ ಬೆನ್ನು, ತಲೆಗೂದಲ ಸಂದಿ, ಕಾಲ್ಬೆರಳ ಸಂದಿ, ಉಗುರು ಎಲ್ಲಾ ನೋಡಿದಾರೆ. ರಾಜಣ್ಣಂಗೆ ನಾಚಿಕೆ. ಕೊನೇಲಿ "ಕನ್ನಡಕ ತೆಗೀರಿ" ಅಂದಿದಾರೆ. ಮೂಗಿನ ಪಕ್ಕ, ಕನ್ನಡಕದ ಪ್ಯಾಡ್ ಕೂರೋ ಜಾಗದಲ್ಲಿ ಸಣ್ಣ ಕಪ್ಪನೆ ಗುಳ್ಳೆ, ಅಂಚು ಹೊಳಪು, ನಡುವೆ ಹಕ್ಕಳೆ. ಟವೆಲಲ್ಲಿ ಮುಖ ಒರೆಸಿದ್ರೆ ಆಗಾಗ ರಕ್ತ ಬರ್ತಿತ್ತಂತೆ, ಒಣಗ್ತಿತ್ತಂತೆ, ಮತ್ತೆ ಬರ್ತಿತ್ತಂತೆ. ಇವ್ರು ಕನ್ನಡಕ ಒತ್ತಿ ಆಗಿದ್ದು ಅಂತ ಫ್ರೇಮ್ ಬದಲಾಯಿಸಿದ್ರು! ಎರಡಕ್ಕೂ ಬಯಾಪ್ಸಿ ಬೇಕು ಅಂದ್ರು ಡಾಕ್ಟರ್. ಮರಗಟ್ಟೋ ಇಂಜೆಕ್ಷನ್ ಕೊಟ್ಟು ಮಾಡೋದು, ಅಂಗಾಲಿಗೆ ಆ ಇಂಜೆಕ್ಷನ್ನೇ ಜಾಸ್ತಿ ಉರಿಯುತ್ತೆ ಅಂತ ಮುಚ್ಚುಮರೆ ಇಲ್ದೆ ಹೇಳಿದ್ರಂತೆ, ರಾಜಣ್ಣಂಗೆ ನಂಬಿಕೆ ಬಂದಿದ್ದೇ ಅಲ್ಲಿ. ಹರಡೋ ಪ್ರಶ್ನೆಗೂ ಉತ್ತರ ಸಿಕ್ತು, ಬಯಾಪ್ಸಿಯಿಂದ ಹರಡಲ್ಲ, ತಡ ಮಾಡಿದ್ರೆ ಹರಡುತ್ತೆ, ಮೆಲನೋಮಾದಲ್ಲಿ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಅನ್ನೋದ್ರ ಮೇಲೇ ಮುಂದಿನದು ನಿಂತಿರುತ್ತೆ ಅಂತ. ಅಂಗಾಲಲ್ಲಿ ಹೊಲಿಗೆ ಎರಡು ಮೂರು ವಾರ ಇರುತ್ತೆ, ಮದುವೆ ಎರಡು ತಿಂಗಳಿದೆ, ಧಾರೆ ಹೊತ್ತಿಗೆ ಆರಾಮಾಗಿ ನಿಲ್ತೀರಿ ಅಂದ್ರಂತೆ.

ರಿಪೋರ್ಟ್‌ಗೆ ಕಾಯೋ ದಿನಗಳೇ ಕಷ್ಟದ್ದು, ಆಗ ದಿನಾ ಅನ್ನಂಗೆ ಫೋನು. ಮೊಬೈಲಲ್ಲಿ ಹುಡುಕ್ಬೇಡಿ ಅಂದ್ರೆ ಯಾರೂ ಕೇಳಲ್ಲ, ಅದಕ್ಕೆ ಟೈಮ್ ಕೊಟ್ಟೆ: ಸಂಜೆ ಕಾಫಿ ಆದ್ಮೇಲೆ ಅರ್ಧ ಗಂಟೆ, ಆಗ ಎಷ್ಟು ಬೇಕಾದ್ರೂ ಭಯ ಪಡಿ, ಹೆಂಡ್ತಿ ಹತ್ರ ಮಾತಾಡಿ, ಬರೀರಿ. ಬೆಳಗ್ಗೆ ನೆನಪಾದ್ರೆ ಸಂಜೆಗೆ ಅಂತ ಚೀಟಿಲಿ ಬರ್ದಿಡಿ, ರಾತ್ರಿ ಫೋನ್ ಹಾಲಲ್ಲಿ ಚಾರ್ಜ್‌ಗೆ. ರಾತ್ರಿ ಎದೆ ಹೊಡ್ಕೊಂಡು ಎದ್ರೆ ನನಗೆ ಫೋನ್ ಮಾಡೋಕಾಗಲ್ವಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಕೊಟ್ಟಿದ್ದೆ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಒಂದು ರಾತ್ರಿ ಮಾಡಿದ್ರಂತೆ ಕೂಡ.

ರಿಪೋರ್ಟ್ ಬಂತು. ಅಂಗಾಲಿಂದು ಮಾಮೂಲಿ ಮಚ್ಚೆ. ಮೂಗಿನ ಪಕ್ಕದ್ದು ಬೇಸಲ್ ಸೆಲ್ ಕಾರ್ಸಿನೋಮಾ, ಅದೂ ಚರ್ಮದ ಕ್ಯಾನ್ಸರ್ರೇ. "ಅಂಗಾಲಿಗೆ ಹೆದ್ರಿ ದೇವ್ರನ್ನೇ ಬಿಟ್ಟಿದ್ದೆ, ದಿನಾ ಕನ್ನಡೀಲಿ ನೋಡ್ತಿದ್ದಿದ್ದು ಇದಾ ಮೇಡಂ" ಅಂತ ನಕ್ಕರು, ಆ ನಗುನಲ್ಲಿ ಖುಷಿ ಏನಿರ್ಲಿಲ್ಲ. ಇದು ನಿಧಾನಕ್ಕೆ ಬೆಳೆಯೋದು, ಬೇರೆ ಕಡೆ ಹರಡೋದು ತೀರಾ ಅಪರೂಪ, ಪೂರ್ತಿ ತೆಗೆದ್ರೆ ಹೆಚ್ಚಿನವ್ರಿಗೆ ಅಲ್ಲಿಗೆ ಮುಗಿಯುತ್ತೆ, ಆದ್ರೆ ಬಿಟ್ರೆ ಸುತ್ತಲಿನ ಮಾಂಸ ತಿನ್ಕೊಂಡು ಹೋಗುತ್ತೆ, ಮೂಗು ಕಣ್ಣು ಹತ್ರ ಅಂದ್ರೆ ಆಪರೇಷನ್ ದೊಡ್ಡದಾಗುತ್ತೆ. ನಮ್ಮ ಚರ್ಮದಲ್ಲಿ ಇದು ಹೆಚ್ಚಾಗಿ ಕಪ್ಪಗೇ ಇರೋದ್ರಿಂದ ಮಚ್ಚೆ ಅಂತಲೇ ಎಲ್ಲರೂ ಬಿಡ್ತಾರಂತೆ. ಬಿಸಿಲಿಗೂ ಇದಕ್ಕೂ ನಂಟಿದೆ. ಬೆಂಗಳೂರು ತಂಪು ಅಂತ ನಾವು ಅಂದ್ಕೊಂಡಿರ್ತೀವಿ, ಗಾಳಿ ತಣ್ಣಗಿದ್ರೂ ಮೋಡ ಇದ್ರೂ ಯುವಿ ಕಿರಣ ಬೀಳ್ತಾನೇ ಇರುತ್ತೆ, ಇವ್ರು ಮುಖಕ್ಕೆ ಏನೂ ಹಚ್ದೆ ಹೆಲ್ಮೆಟ್ ಗ್ಲಾಸ್ ಮೇಲೆತ್ಕೊಂಡು ವರ್ಷಾನುಗಟ್ಟಲೆ ಮಟಮಟ ಮಧ್ಯಾಹ್ನ ಸುತ್ತಿದಾರೆ.

ಮದುವೆಗೆ ಮುಂಚೆನೇ ಅದನ್ನೂ ತೆಗ್ಸಿದ್ರು, ಮುಖದ ಹೊಲಿಗೆ ಬೇಗ ಬಿಚ್ತಾರೆ, ಒಂದು ವಾರ ಅಷ್ಟೇ. ಅಂಚೆಲ್ಲಾ ಕ್ಲೀನ್, ಅಂದ್ರೆ ತೆಗೆದ ಚೂರಿನ ಅಂಚಲ್ಲಿ ಕ್ಯಾನ್ಸರ್ ಇಲ್ಲ ಅಂತ ರಿಪೋರ್ಟ್ ಬಂತು.

ಈ ಮಧ್ಯೆ ಇನ್ನೊಂದು ತಮಾಷೆ. ಸುಮಕ್ಕಂಗೆ ಕೆನ್ನೆ, ಕತ್ತಿನ ಮೇಲೆ ಚಿಕ್ಕ ಚಿಕ್ಕ ಕಪ್ಪು ಗುಳ್ಳೆ, ಮದುವೆಗೆ ಚೆನ್ನಾಗಿ ಕಾಣ್ಲಿ ಅಂತ ಪಾರ್ಲರಲ್ಲಿ ಸುಡ್ಸೋಕೆ ಬುಕ್ ಮಾಡಿದ್ರು! ಗಂಡನ ಕಥೆ ಇಷ್ಟೆಲ್ಲಾ ನಡೀತಿರೋವಾಗ. ಬೇಡ ಅಂತ ಕೈ ಮುಗಿದೆ. ಸುಟ್ಟು ತೆಗೆದ್ರೆ ಅದು ಏನಾಗಿತ್ತು ಅಂತ ಪರೀಕ್ಷೆಗೆ ಕಳ್ಸೋಕೆ ಏನೂ ಉಳಿಯಲ್ಲ, ಸುಣ್ಣ ಸೋಡ ಹಚ್ಚೋದು, ದಾರ ಕಟ್ಟೋದು, ಬ್ಲೇಡಲ್ಲಿ ಕೆರೆಯೋದೂ ಅಷ್ಟೇ. ಅದೇ ಡಾಕ್ಟರ್ ನೋಡಿ ಇವು ವಯಸ್ಸಿಗೆ, ಮನೆತನದಲ್ಲಿ ಬರೋವು, ನಿರಪಾಯ, ಬೇಕಿದ್ರೆ ನಾನೇ ತೆಗೀತೀನಿ ಅಂದ್ರು. ಆಮೇಲೆ ಸುಮಕ್ಕ ತೆಗ್ಸೋ ಗೋಜಿಗೇ ಹೋಗ್ಲಿಲ್ಲ.

ಮದುವೆ ಆದ್ಮೇಲೆ ರಾಜಣ್ಣ ಉಲ್ಟಾ ಹೊಡೆದ್ರು. ಮುಂಚೆ ಯಾರಿಗೂ ತೋರಿಸ್ತಾನೇ ಇರ್ಲಿಲ್ಲ, ಈಗ ದಿನಾ ಎರಡು ಹೊತ್ತು ಟಾರ್ಚ್ ಹಿಡ್ಕೊಂಡು ಮೈಯೆಲ್ಲಾ ಹುಡುಕೋದು, ಸೊಳ್ಳೆ ಕಚ್ಚಿದ್ರೂ ಫೋಟೋ ತೆಗ್ದು ಡಾಕ್ಟರ್‌ಗೆ ವಾಟ್ಸಾಪ್. ನೋಡಿ, ಇದೂ ಅದೇ ಭಯ, ವೇಷ ಬೇರೆ. ತಿಂಗಳಿಗೆ ಒಂದೇ ಸಲ ಅಂತ ಮಾಡಿದ್ವಿ, ಮೊದಲ ಭಾನುವಾರ ಸ್ನಾನ ಆದ್ಮೇಲೆ, ಬೆನ್ನು ತಲೆ ಸುಮಕ್ಕ ನೋಡೋದು, ಮಿಕ್ಕಿದ್ದು ಇವ್ರು, ಅನುಮಾನ ಇದ್ರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಹಗಲು ಬೆಳಕಲ್ಲಿ ಒಂದು ಫೋಟೋ, ಡೇಟ್ ಹಾಕಿ ಇಡೋದು. ನೋಡೋದಾದ್ರೂ ಏನು? ಮಚ್ಚೆ ಮಧ್ಯಕ್ಕೆ ಗೆರೆ ಎಳೆದಂಗೆ ಅಂದ್ಕೊಂಡ್ರೆ ಎರಡೂ ಕಡೆ ಒಂದೇ ಥರ ಇಲ್ವಾ, ಅಂಚು ಹರಿದಂಗಿದೆಯಾ, ಒಂದರಲ್ಲೇ ಎರಡು ಮೂರು ಬಣ್ಣ ಇದೆಯಾ, 6 ಮಿಲಿಮೀಟರ್‌ಗಿಂತ ದೊಡ್ಡದಾ, ಎಲ್ಲಕ್ಕಿಂತ ಮುಖ್ಯ ಹಿಂದಿನದಕ್ಕಿಂತ ಬದಲಾಗಿದೆಯಾ. ವಾಸಿಯಾಗ್ದೆ ಮತ್ತೆ ಮತ್ತೆ ರಕ್ತ ಬರೋ ಗುಳ್ಳೆ, ಒಂದೇ ಉಗುರಲ್ಲಿ ಹೊಸದಾಗಿ ಬಂದು ಅಗಲ ಆಗ್ತಿರೋ ಕಪ್ಪು ಗೆರೆ, ಇವೂ. ಹತ್ತಾರು ಉಗುರಲ್ಲಿ ಮೊದ್ಲಿಂದ ಇರೋ ತೆಳು ಗೆರೆ ನಮ್ಮ ಜನಕ್ಕೆ ಸಹಜ. ಇದ್ಯಾವುದಿದ್ರೂ ಕ್ಯಾನ್ಸರ್ ಅಂತಲ್ಲ, ತೋರಿಸ್ಬೇಕು ಅಂತ.

ಎಲ್ಲಿಗೆ ಹೋಗ್ಲಿ ಅಂತ ಬೇರೆ ಕ್ಲೈಂಟ್‌ಗಳು ಕೇಳ್ತಾರೆ. ದುಡ್ಡಿನ ತೊಂದ್ರೆ ಇದ್ರೆ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗಳಾದ ವಿಕ್ಟೋರಿಯಾ, ಬೌರಿಂಗ್ ಎರಡರಲ್ಲೂ ಚರ್ಮದ ವಿಭಾಗ ಇದೆ, ಬೆಳಗ್ಗೆ ಬೇಗ ಹೋಗಿ ಓಪಿಡಿ ಚೀಟಿ ಮಾಡಿಸಿ, ಬಿಪಿಎಲ್ ಕಾರ್ಡ್ ಇದ್ರೆ ಜೊತೆಗಿರ್ಲಿ. ಕ್ಯಾನ್ಸರ್ ಅಂತ ಗೊತ್ತಾದ್ರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದ್ದೇ ಇದೆ. ಖಾಸಗಿ ಕಡೆ ಹೋಗೋದಾದ್ರೆ ಬೋರ್ಡಲ್ಲಿ ಸ್ಕಿನ್ ಕ್ಲಿನಿಕ್ ಅಂತಿದ್ರೆ ಸಾಲದು, ಒಳಗೆ ಕೂತಿರೋರು ಚರ್ಮದ ವಿಷಯದಲ್ಲೇ ಓದಿರೋ ಡಾಕ್ಟರಾ ಅಂತ ಕೇಳಿ.

ರಾಜಣ್ಣಂದು ಆರು ತಿಂಗಳ ಚೆಕಪ್ ಮಾರ್ಚ್‌ಗೆ ಬೀಳ್ತಿತ್ತು. "ಮಾರ್ಚ್ ನಮ್ಗೆ ಸೀಸನ್ ಮೇಡಂ, ಉಸಿರಾಡೋಕೆ ಟೈಮಿರಲ್ಲ, ಏಪ್ರಿಲ್‌ಗೆ ಹಾಕ್ಸ್ಲಾ?" ಅಂದ್ರು. ಫೆಬ್ರವರಿಗೆ ಹಾಕ್ಸಿ ಅಂದೆ. ಸುಮಕ್ಕ ಅಲ್ಲೇ ಕೂತು ಫೋನ್ ಮಾಡಿ ಡೇಟ್ ತಗೊಂಡ್ರು.