ಪಹಣಿ ಬಂತು, ಪೋಡಿ ಬರಲಿಲ್ಲ

ನಿಮ್ಮ ಕಡೆಯವರಿಗೆ ಗೇಣಿ ಜಮೀನು ಪುಕ್ಕಟೆ ಸಿಕ್ತಲ್ಲ, ಇನ್ನೂ ಯಾಕೆ ತಾಲ್ಲೂಕು ಕಚೇರಿಗೆ ಅಲೀತೀರಿ ಅಂತ ಕೇಳಿದಿರಿ. ಪುಕ್ಕಟೆ ಅನ್ನೋ ಮಾತನ್ನ ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರ ತಾಲ್ಲೂಕಿನ ಕಡೆ ಯಾರೆದುರೂ ಆಡಬೇಡಿ ಮಾರಾಯ್ರೆ.

ನಮ್ಮದು ಗಡಿ ಸೀಮೆ. 1956ರ ತನಕ ತಾಳಗುಪ್ಪ ದಾಟಿದರೆ ಮುಂಬೈ ರಾಜ್ಯ, ಸಿದ್ದಾಪುರದ ನೆಂಟರೆಲ್ಲ ಹೊರರಾಜ್ಯದವರು. ಈ ಮೂಲೆಯ ಕಾಗೋಡಿನಲ್ಲಿ 1951ರಲ್ಲಿ, ದೇಶದ ಮೊದಲ ಮಹಾಚುನಾವಣೆಯೂ ಮುಗಿಯುವ ಮುಂಚೆ, ದೀವರ ಸಮುದಾಯದ ಗೇಣಿದಾರರು ಭತ್ತ ಅಳೆಯುವ ಕೊಳಗ ಸರಿಯಿಲ್ಲ ಎಂದು ಎದ್ದು ನಿಂತರು. ಭೂಮಾಲೀಕರು ಕೊಳಗದ ಗಾತ್ರ ಹೆಚ್ಚಿಸಿದರೆ ಸಾಕು, ಒಪ್ಪಿಕೊಂಡ ಗೇಣಿಯ ಲೆಕ್ಕ ಹಾಗೇ ಇದ್ದರೂ ಕಣದಿಂದ ಹೋಗುವ ಭತ್ತ ಏರುತ್ತದೆ. ಎಚ್. ಗಣಪತಿಯಪ್ಪ ಸಂಘಟಿಸಿದರು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜೊತೆಗಿದ್ದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗದ್ದೆಗಿಳಿದು ಉತ್ತವರು ಜೈಲು ಕಂಡರು. ಪುಕ್ಕಟೆಯೇ ಇದು?

ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ಭೂನ್ಯಾಯ ಮಂಡಳಿ ವಿಚಾರಣೆ ಮಾಡಬೇಕು. ಮೊದಮೊದಲು ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ದೊಡ್ಡವರೆದುರು ಗೇಣಿದಾರ ತಾನೇ ಬಾಯಿಬಿಟ್ಟು ಹೇಳಿದ. ಹಕ್ಕು ಸ್ಥಿರಪಟ್ಟರೆ ನಮೂನೆ 10, ಅಂದರೆ ಹಕ್ಕಿನ ಪ್ರಮಾಣಪತ್ರ.

ನಮ್ಮನ್ನು ಇವತ್ತಿಗೂ ಹಣ್ಣು ಮಾಡುತ್ತಿರುವುದು ಪೋಡಿ, ಅಂದರೆ ಒಂದು ಸರ್ವೆ ನಂಬರನ್ನು ಅಳೆದು ಒಬ್ಬೊಬ್ಬರ ಪಾಲನ್ನು ಬೇರೆ ಮಾಡುವ ಕೆಲಸ. ಒಂದು ಸರ್ವೆ ನಂಬರಿನಲ್ಲಿ ಮೂವರು ಗೇಣಿದಾರರು ಅನ್ನಿ. ಒಬ್ಬರಿಗೆ 1 ಎಕರೆ 20 ಗುಂಟೆ, ಇನ್ನೊಬ್ಬರಿಗೆ 2 ಎಕರೆ 10, ಮತ್ತೊಬ್ಬರಿಗೆ 1 ಎಕರೆ 15 ಎಂದು ಆದೇಶವಾಯಿತು. ಎಷ್ಟೋ ಕಡತಗಳಲ್ಲಿ ನಕ್ಷೆಯೇ ಇಲ್ಲ, ವಿಸ್ತೀರ್ಣ ಬರೀ ಅಂದಾಜು. ಕೂಡಿದರೆ 5 ಎಕರೆ 5 ಗುಂಟೆ; ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಬರೆದಿಡುವ ಆಕಾರ್‌ಬಂದ್ ತೆಗೆದರೆ 4 ಎಕರೆ 30. ಆ 15 ಗುಂಟೆಯನ್ನು ಯಾರ ಪಾಲಿನಿಂದ ಕಡಿಯೋದು? ಬಯಲುಸೀಮೆಯಾದರೆ ಹಗ್ಗ ಹಿಡಿದು ಮುಗಿಸಬಹುದು. ಇಲ್ಲಿ ಗದ್ದೆ ಹಳ್ಳದ ಗುಂಟ ಇಳಿಯುತ್ತದೆ, ಮಳೆಗಾಲದಲ್ಲಿ ಹಳ್ಳ ದಿಕ್ಕು ಬದಲಿಸುತ್ತದೆ. ದಾಖಲೆಯಲ್ಲಿ ಹಳ್ಳವೆಂದು 'ಬ' ಖರಾಬಿಗೆ, ಅಂದರೆ ಸಾರ್ವಜನಿಕ ಜಾಗದ ಲೆಕ್ಕಕ್ಕೆ, ಹೋದ ಕಡೆ ಇವತ್ತು ಅಡಿಕೆ ನಿಂತಿದೆ.

ಪೋಡಿಯಾಗದಿದ್ದರೆ ಜಮೀನಿನ ದಾಖಲೆಯಾದ ಪಹಣಿಯಲ್ಲಿ, ಮಾಲೀಕರ ಹೆಸರಿರುವ 9ನೇ ಕಾಲಮ್ಮಿನಲ್ಲಿ ಮೂವರ ಹೆಸರೂ ಒಟ್ಟಿಗೇ ಕೂತಿರುತ್ತವೆ. ಒಬ್ಬರ ಸಾಲಕ್ಕೆ ಬ್ಯಾಂಕಿನವರು ಉಳಿದವರ ಒಪ್ಪಿಗೆ ಕೇಳುತ್ತಾರೆ. ಪಾಲಾಗಬೇಕು, ಮಾರಬೇಕು ಅಂದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು, ಅದೂ ಇದೇ ಗಂಟಿಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸುವವರು ಮೊದಲು ದಾಖಲೆ ಕೊಠಡಿಯಿಂದ ಮಂಡಳಿ ಆದೇಶದ ದೃಢೀಕೃತ ನಕಲು ತೆಗೆಸಬೇಕು. ಆಮೇಲೆ ಟಿಪ್ಪಣಿ, ಅಂದರೆ ಹಳೆಯ ಸರ್ವೆಯ ಅಳತೆ ದಾಖಲೆ, ಮತ್ತು ಆಕಾರ್‌ಬಂದ್. ಮೂರೂ ತಾಳೆಯಾದ ಮೇಲೇ ಅಳತೆಗೆ ಅರ್ಜಿ. ತಾಳೆಯಾಗದೆ ಹಾಕಿದರೆ ಸರ್ವೆಯರ್ ಆಗುವುದಿಲ್ಲವೆಂದು ಹಿಂಬರಹ ಕೊಟ್ಟು ಹೋಗುತ್ತಾನೆ, ಕಟ್ಟಿದ ಶುಲ್ಕವೂ ಹೋಯಿತು.

ಆದೇಶ ಸರ್ಕಾರದ್ದು, ಅಳೆಯದೆ ಬಿಟ್ಟಿದ್ದೂ ಸರ್ಕಾರವೇ. ಮಂಡಳಿಯ ಆದೇಶದಿಂದ ಬಂದ ಜಮೀನಿಗೆಲ್ಲ ಅದು ತನ್ನ ಖರ್ಚಿನಲ್ಲೇ ಪೋಡಿ ಮಾಡಿಕೊಡಬೇಕು. ನಾವು ಕಚೇರಿಯ ಮೆಟ್ಟಿಲು ಹತ್ತುತ್ತಿರುವುದು ಇದಕ್ಕೇ, ದಾನ ಕೇಳುವುದಕ್ಕಲ್ಲ.