ಎನ್‌ಐಸಿಯುನಲ್ಲಿ ಕೊಟ್ಟ ಇಂಜೆಕ್ಷನ್ ಮತ್ತು ಮಗುವಿನ ಕಿವಿ

ಪ್ರಶ್ನೆ: ನನ್ನ ಮಗ ಏಳೂವರೆ ತಿಂಗಳಿಗೇ ಹುಟ್ಟಿದ. ರಕ್ತದಲ್ಲಿ ಸೋಂಕು ಅಂತ 12 ದಿನ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದ, ಅಮಿಕಾಸಿನ್ ಅನ್ನೋ ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟರು. ಮನೆಗೆ ಕಳಿಸುವಾಗ ಓಎಇ ಅನ್ನೋ ಕಿವಿ ಟೆಸ್ಟ್ ಪಾಸ್ ಆಗಿತ್ತು. ಈಗ ನಾಲ್ಕು ತಿಂಗಳು. ಆ ಇಂಜೆಕ್ಷನ್‌ಗೆ ಕಿವಿ ಹೋಗುತ್ತೆ ಅಂತ ಯಾರೋ ಹೆದರಿಸಿದರು. ಕುಕ್ಕರ್ ಕೂಗಿದರೆ ಬೆಚ್ಚುತ್ತಾನೆ, ಸುಮ್ನೆ ಯಾಕೆ ಟೆಸ್ಟ್ ಅಂತಾರೆ ಅತ್ತೆ. ಏನು ಮಾಡಲಿ?

ಉತ್ತರ: ಟೆಸ್ಟ್ ಮಾಡಿಸಿ, ಈ ವಾರವೇ.

ಮೊದಲು ಒಂದು ಮಾತು. ಆ ಔಷಧಿ ಕೊಟ್ಟಿದ್ದು ತಪ್ಪಲ್ಲ. ಎಳೆಗೂಸಿನ ರಕ್ತಕ್ಕೆ ಸೋಂಕು ತಗುಲಿದರೆ ಜೀವಕ್ಕೇ ಅಪಾಯ. ಆದರೆ ಅಮಿಕಾಸಿನ್, ಜೆಂಟಾಮೈಸಿನ್ ಥರದ ಔಷಧಿಗಳು ಒಳಕಿವಿಯ ಸೂಕ್ಷ್ಮ ಕೂದಲಿನ ಜೀವಕೋಶಗಳಿಗೆ ಪೆಟ್ಟು ಕೊಡಬಹುದು, ಒಮ್ಮೆ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಎಲ್ಲ ಮಕ್ಕಳಿಗೂ ಹೀಗಾಗಲ್ಲ. ಐದು ದಿನಕ್ಕಿಂತ ಜಾಸ್ತಿ ಕೊಟ್ಟಿದ್ದರೆ, ಜೊತೆಗೆ ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಔಷಧಿ ಕೂಡ ಕೊಟ್ಟಿದ್ದರೆ ಎಚ್ಚರ ಬೇಕು. ಡಿಸ್ಚಾರ್ಜ್ ಕಾರ್ಡ್ ತೆಗೆದು ಯಾವ ಇಂಜೆಕ್ಷನ್, ಎಷ್ಟು ದಿನ ಅಂತ ನೋಡಿ.

ಅತ್ತೆಯವರಿಗೆ ಹೀಗೆ ಹೇಳಿ: ಕುಕ್ಕರ್ ಸದ್ದು ಎಷ್ಟು ಜೋರು ಅಂದ್ರೆ ಅರ್ಧಂಬರ್ಧ ಕೇಳುವ ಮಗುವೂ ಬೆಚ್ಚುತ್ತದೆ. ಈ ಔಷಧಿ ಮೊದಲು ಕಸಿಯುವುದು ತೀರಾ ತೆಳ್ಳಗಿನ, ಎತ್ತರದ ಸ್ವರಗಳನ್ನು. ಬಾಗಿಲು ಬಡಿದಿದ್ದು ಕೇಳುತ್ತದೆ, ಮಾತಿನಲ್ಲಿರುವ 'ಸ', 'ಶ' ಜಾರಿಹೋಗುತ್ತವೆ. ತಟ್ಟೆ ಬಡಿದು, ಚಪ್ಪಾಳೆ ಹೊಡೆದು ಇದು ಗೊತ್ತಾಗಲ್ಲ.

ಓಎಇ ಪಾಸ್ ಆಗಿದ್ದು ಒಳ್ಳೆಯದೇ, ಆದರೆ ಅದು ಒಳಕಿವಿಯನ್ನಷ್ಟೇ ನೋಡುತ್ತದೆ, ಅಲ್ಲಿಂದ ನರದ ಮೂಲಕ ಮೆದುಳಿಗೆ ಸದ್ದು ಹೋಗುತ್ತಿದೆಯಾ ಅಂತ ಹೇಳಲ್ಲ. ಎನ್‌ಐಸಿಯುನಲ್ಲಿ ಇಷ್ಟು ದಿನ ಇದ್ದ ಮಗುವಿಗೆ ಬೇರಾ, ಅಂದರೆ ಸದ್ದು ನರದ ಮೂಲಕ ಮೆದುಳಿಗೆ ಹೋಗುತ್ತಿದೆಯಾ ಅಂತ ನೋಡುವ ಟೆಸ್ಟ್, ಬೇಕೇ ಬೇಕು. ದೊಡ್ಡ ಸರ್ಕಾರಿ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಕೇಳಿ, ಮೈಸೂರು ಹತ್ತಿರವಾದರೆ ಅಲ್ಲಿನ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ತೊಂದರೆ ಇದ್ದರೆ ಆರು ತಿಂಗಳೊಳಗೆ ಕಿವಿಯ ಮಷಿನ್ ಹಾಕಿಸಬೇಕು, ಮಾತು ಕಲಿಯಲು ಆ ದಿನಗಳು ತುಂಬಾ ಮುಖ್ಯ. ಸರಿ ಇದ್ದರೂ ಒಂಬತ್ತು ತಿಂಗಳಿಗೆ ಇನ್ನೊಮ್ಮೆ ತೋರಿಸಿ, ಕೆಲವರಿಗೆ ತಡವಾಗಿ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ವಿಷಯ. ನಿಮ್ಮ ತವರಲ್ಲಿ, ಅಂದರೆ ನಿಮ್ಮ ತಾಯಿಗೆ, ಸೋದರಮಾವನಿಗೆ, ಅಕ್ಕತಂಗಿಯರಿಗೆ ಇಂಜೆಕ್ಷನ್ ತಗೊಂಡ ಮೇಲೆ ಕಿವಿ ಮಂದವಾಗಿದ್ದು ಉಂಟಾ? ತಾಯಿಯಿಂದ ಮಕ್ಕಳಿಗೆ ಬರುವ ಒಂದು ಜೀನ್ ದೋಷ ಇದೆ, ಅದಿದ್ದರೆ ಒಂದೆರಡು ಡೋಸ್‌ಗೇ ಕಿವಿ ಹೋಗಬಹುದು. ಇದ್ದರೆ ಡಾಕ್ಟರಿಗೆ ಮರೆಯದೆ ಹೇಳಿ.

ಬೇರಾಗೆ ಮಗು ಮಲಗಿರಬೇಕು. ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸುತ್ತಾರೆ ಅಷ್ಟೆ, ನೋವಿಲ್ಲ. ದಾರಿಯಲ್ಲಿ ಮಲಗಲು ಬಿಡಬೇಡಿ, ಅಲ್ಲಿಗೆ ಹೋಗಿ ಹಾಲು ಕುಡಿಸಿ, ತಾನೇ ನಿದ್ದೆ ಹೋಗುತ್ತಾನೆ.